ಕಾಲೇಜು ಮುಗಿಸಿದ ಮಕ್ಕಳಿಗೆ ಒಳಾಂಗಣ ವಿನ್ಯಾಸದ ಉದ್ಯೋಗ



ಕಳೆದ ಬೇಸಿಗೆಯಲ್ಲಿ ಜೇವರ್ಗಿ ತಾಲೂಕಿನ ಒಂದು ಹಳ್ಳಿಗೆ ತೊಗರಿಯ ಬೀಜೋಪಚಾರ ತೋರಿಸಲು ಹೋಗಿದ್ದೆ. ಕೆಲಸ ಮುಗಿಸಿ ಕಟ್ಟೆಯ ಮೇಲೆ ಚಹ ಕುಡಿಯುತ್ತಿದ್ದಾಗ ಹಿರಿಯ ರೈತರೊಬ್ಬರು ಬಂದು ಪಕ್ಕದಲ್ಲಿ ಕುಳಿತರು.

"ಸಾಹೇಬ್ರ, ಬೀಜದ್ದು ತಿಳೀತು. ಈಗ ನನ್ನ ಮಗಳದ್ದು ಒಂದು ಮಾತು ಹೇಳ್ರಿ. ಬಿ.ಎ. ಮುಗಿಸ್ಯಾಳ. ಇಂಟೀರಿಯರ್ ಡಿಸೈನ್ ಕಲೀತೀನಿ ಅಂತಾಳ. ಫೀ, ಊಟ, ಇರೋದು ಎಲ್ಲಾ ಸೇರಿ ಎಂಟು ಲಕ್ಷ ಆಗತದಂತ. ಕೆನಾಲ್ ದಂಡಿ ಒಂದು ಎಕರೆ ಕೊಟ್ಟರ ಬರತದ. ಮನಿಗೆ ಪರದೆ ಕಟ್ಟೋದು ಕಲೀಲಾಕ ಒಂದು ಎಕರೆ ಕೊಡಬೇಕಂತೀರೇನು?"

ನಾನು ಕೃಷಿ ಡಿಪ್ಲೊಮಾ ಓದಿದವನು. ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. "ಒಂದು ತಿಂಗಳು ಹೊಲ ಮಾರಬ್ಯಾಡ್ರಿ, ವಿಚಾರಿಸಿ ಹೇಳತೀನಿ" ಎಂದು ಬಂದೆ. ಆ ಮೇಲೆ ಗೌಂಡಿಗಳನ್ನು, ಬಡಿಗರನ್ನು, ಈ ಉದ್ಯೋಗದಲ್ಲಿರುವ ಕೆಲವರನ್ನು ಕಂಡು ಕೇಳಿದೆ. ಅಷ್ಟರಲ್ಲಿ ಆಳಂದ ಮತ್ತು ಅಫಜಲಪುರ ತಾಲೂಕುಗಳಿಂದಲೂ ಇದೇ ಪ್ರಶ್ನೆ ಬಂದಿತು. ಆದುದರಿಂದ ತಿಳಿದುಕೊಂಡದ್ದನ್ನು ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ.

ಈ ಉದ್ಯೋಗವೆಂದರೇನು?

ಇದು ಪರದೆ ಕಟ್ಟುವ ಕೆಲಸವಲ್ಲ. ಕಟ್ಟಿದ ಮನೆಯ ಒಳಗೆ ಜನರು ಹೇಗೆ ಇರುತ್ತಾರೆ, ಎಲ್ಲಿ ಕೂಡುತ್ತಾರೆ, ಯಾವ ವಸ್ತುವನ್ನು ಎಲ್ಲಿ ಇಡುತ್ತಾರೆ, ಗಾಳಿ ಬೆಳಕು ಎಲ್ಲಿಂದ ಬರುತ್ತದೆ ಎಂಬುದನ್ನು ಅಳೆದು, ಕಾಗದದ ಮೇಲೆ ಬರೆದು, ಅದರಂತೆ ಕೆಲಸ ಮಾಡಿಸುವದೇ ಒಳಾಂಗಣ ವಿನ್ಯಾಸ.

ತಮ್ಮ ಹಳೆಯ ಮನೆಯನ್ನೇ ನೋಡಿರಿ. ದಪ್ಪ ಗೋಡೆಯಲ್ಲಿ ಕೈಗೆಟಕುವಷ್ಟು ಎತ್ತರಕ್ಕೆ ಗೂಡು ಇದೆ. ಮಾಳಿಗೆಯಲ್ಲಿ ಬೆಳಕಿಂಡಿ ಇದೆ. ಹೊಗೆ ಅಲ್ಲಿಂದ ಹೋಗುತ್ತದೆ, ಬೆಳಕು ಅಲ್ಲಿಂದ ಬರುತ್ತದೆ. ಪಡಸಾಲೆ ಬಾಗಿಲಿಗೆ ಹತ್ತಿರ, ಅಡುಗೆಮನೆ ಒಳಗೆ. ಇವೆಲ್ಲ ಹಿರಿಯರು ವಿಚಾರ ಮಾಡಿಯೇ ಇಟ್ಟದ್ದು. ಈಗ ನಾವು ಕಟ್ಟುವ ಮನೆಗಳಿಗೆ ಗೋಡೆ ತೆಳ್ಳಗೆ, ಮೇಲೆ ಕಾಂಕ್ರೀಟಿನ ಸ್ಲ್ಯಾಬು. ಗೂಡು ಹೋಯಿತು, ಬೆಳಕಿಂಡಿ ಹೋಯಿತು. ನಮ್ಮ ಜಿಲ್ಲೆಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ರಾತ್ರಿಯೂ ಸ್ಲ್ಯಾಬು ಕಾದಿರುತ್ತದೆ. ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕ, ಬೀಜದ ಚೀಲ ಎಲ್ಲವೂ ಒಂದೇ ಕೋಣೆಯಲ್ಲಿ ನೆಲದ ಮೇಲೆ. ಹಿರಿಯರು ಗೋಡೆಯೊಳಗೆ ಮಾಡಿಟ್ಟ ಅನುಕೂಲವನ್ನು ಈಗ ಬೇರೆ ರೀತಿಯಿಂದ ಮಾಡಬೇಕಾಗಿದೆ. ಅದನ್ನು ಬಲ್ಲವರಿಗೆ ಕೆಲಸವಿದೆ.

ನಮ್ಮ ಭಾಗದ ಮಕ್ಕಳಿಗೆ ಇಲ್ಲಿ ಒಂದು ಅನುಕೂಲವೂ ಇದೆ. ದೇಶದ ದೂರದ ಊರುಗಳಿಗೆ ನೆಲಕ್ಕೆ ಹಾಸಲು ಹೋಗುವ ಶಹಾಬಾದ ಫರಸಿ ನಮ್ಮ ಜಿಲ್ಲೆಯದು. ಅದು ಬೇಸಿಗೆಯಲ್ಲಿ ಕಾಲಿಗೆ ತಂಪು. ಆದರೆ ಅದು ಸುಣ್ಣದ ಕಲ್ಲು. ಪಾಯಖಾನೆ ತೊಳೆಯುವ ಆ್ಯಸಿಡ್ ಬಿದ್ದರೆ ಮೈ ಸುಡುತ್ತದೆ, ಲಿಂಬೆ ಮತ್ತು ಹುಣಸೆಯ ಹುಳಿಯೂ ಕಲೆ ಮಾಡುತ್ತದೆ. ಚಿಕ್ಕಂದಿನಿಂದ ಫರಸಿಯ ಮೇಲೆ ಓಡಾಡಿದ ಮಗುವಿಗೆ ಇದು ಗೊತ್ತಿರುತ್ತದೆ. ದೂರದಿಂದ ಬಂದವರು ಇದನ್ನು ಕೆಡಿಸಿಯೇ ಕಲಿಯಬೇಕು.

ಕೆಲಸ ಎಲ್ಲಿ ಸಿಗುತ್ತದೆ?

ಬೆಂಗಳೂರು, ಹೈದರಾಬಾದು, ಪುಣೆಗಳಲ್ಲಿ ಈ ಕೆಲಸಕ್ಕೆ ದೊಡ್ಡ ಕಚೇರಿಗಳಿವೆ. ಪದವಿ ಮುಗಿಸಿದ ಮಗು ಮೊದಲು ಅಲ್ಲಿ ನಕ್ಷೆ ಬರೆಯುವ ಸಹಾಯಕನಾಗಿ ಅಥವಾ ಕೆಲಸದ ಜಾಗದಲ್ಲಿ ಮೇಲ್ವಿಚಾರಕನಾಗಿ ಸೇರಬಹುದು. ನಮ್ಮ ಕಡೆಯೂ ಕೆಲಸ ಹುಟ್ಟುತ್ತಿದೆ. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರಕ್ಕೆ ದತ್ತಾತ್ರೇಯ ದರ್ಶನಕ್ಕಾಗಿ ವರ್ಷವಿಡೀ ಯಾತ್ರಿಕರು ಬರುತ್ತಾರೆ. ಅಲ್ಲಿ ತಂಗುವ ಕೋಣೆಗಳು ಬೇಕು. ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಂಥ ಜಾಗದ ಸುತ್ತ ಬಾಡಿಗೆ ಕೋಣೆ, ಊಟದ ಮನೆ ಬೇಕಾಗುತ್ತವೆ. ಮೂರೂ ತಾಲೂಕು ಸ್ಥಳಗಳಲ್ಲಿ ದವಾಖಾನೆ, ಔಷಧದ ಅಂಗಡಿ, ಬಟ್ಟೆಯ ಅಂಗಡಿ, ಕೃಷಿ ಸಾಮಗ್ರಿಯ ಮಳಿಗೆಗಳಿವೆ. ಅಂಗಡಿಯಲ್ಲಿ ಸರಕು ಗಿರಾಕಿಯ ಕಣ್ಣಿಗೆ ಬೀಳುವಂತೆ ಇಡುವದೂ ಇದೇ ವಿದ್ಯೆಗೆ ಸೇರಿದ್ದು.

ಆದರೆ ನಿಜವನ್ನು ಮುಚ್ಚಿಡಬಾರದು. ತಾಲೂಕು ಊರಿನಲ್ಲಿ ಮೊದಲ ಎರಡು ಮೂರು ವರ್ಷ ಇದರಿಂದಲೇ ಮನೆ ನಡೆಯುವಷ್ಟು ಆದಾಯ ಬರಲಾರದು. ಇದು ಹೆಸರುಬೇಳೆಯ ಬೆಳೆಯಲ್ಲ, ಮಾವಿನ ಸಸಿ. ಒಂದು ಮನೆ ಚೆನ್ನಾಗಿ ಮಾಡಿಕೊಟ್ಟರೆ ಅದನ್ನು ನೋಡಿದ ನೆಂಟರು ಮುಂದಿನ ಕೆಲಸ ಕೊಡುತ್ತಾರೆ.

ಮೊದಲ ಪಾಠ ಅಳತೆ

ಈ ವಿದ್ಯೆಯ ಬುಡ ಚಿತ್ರ ಬರೆಯುವದರಲ್ಲಿಲ್ಲ, ಅಳೆಯುವದರಲ್ಲಿದೆ. ಇದನ್ನು ನಾನು ನನ್ನ ಮನೆಯಲ್ಲಿಯೇ ನಷ್ಟ ಮಾಡಿಕೊಂಡು ಕಲಿತೆ. ಅಣ್ಣನ ಮದುವೆಗೆ ಮೊದಲು ಗೋಡೆಯ ಸಂದಿಯಲ್ಲಿ ಕೂಡುವ ಕಪಾಟು ಮಾಡಿಸಬೇಕಾಗಿತ್ತು. "ಹೊಲ ಅಳೆಯುವವನಿಗೆ ಇದೇನು ದೊಡ್ಡದು" ಎಂದು ನಾನೇ ಟೇಪು ಹಿಡಿದು ನೆಲದ ಹತ್ತಿರ ಅಳೆದು ಸರಿಯಾಗಿ 6 ಫೂಟು ಎಂದು ಬಡಿಗರಿಗೆ ಹೇಳಿದೆ. ಕಪಾಟು ಬಂದಿತು, ಒಳಗೆ ಹೋಗಲಿಲ್ಲ. ಹಳೆಯ ಗೋಡೆ ಮೇಲಕ್ಕೆ ಹೋದಂತೆ ಒಂದೂವರೆ ಇಂಚು ಒಳಗೆ ವಾಲಿತ್ತು. ಕಪಾಟನ್ನು ಬಿಚ್ಚಿ, ಕೊಯ್ದು, ಮತ್ತೆ ಕೂಡಿಸಬೇಕಾಯಿತು. ಬಡಿಗರು ಬೈಯಲಿಲ್ಲ, "ಹೊಲಾ ಮಲಗಿರತದ ಸಾಹೇಬ್ರ, ಗ್ವಾಡಿ ನಿಂತಿರತದ" ಎಂದಷ್ಟೇ ಹೇಳಿದರು. ಕೆಳಗೆ, ನಡುವೆ, ಮೇಲೆ ಹೀಗೆ ಮೂರು ಕಡೆ ಅಳೆದು, ಅವುಗಳಲ್ಲಿ ಚಿಕ್ಕ ಅಳತೆಯನ್ನೇ ಹಿಡಿಯಬೇಕೆಂದು ಅಂದು ಕಲಿತೆ.

ಹಲಗೆಯ ಲೆಕ್ಕ

ಇನ್ನೊಂದು ಲೆಕ್ಕ ನೋಡಿರಿ. ಇದನ್ನು ಮಾಡಬಲ್ಲವನೇ ಗಿರಾಕಿಯ ಹಣ ಉಳಿಸುತ್ತಾನೆ. 6 ಫೂಟು ಅಗಲ, 7 ಫೂಟು ಎತ್ತರ, 2 ಫೂಟು ಆಳದ ಬಟ್ಟೆಯ ಕಪಾಟು ಮಾಡಿಸಬೇಕಾಗಿದೆ ಎಂದು ತಿಳಿಯಿರಿ. ಪ್ಲೈವುಡ್ ಶೀಟಿನ ಅಳತೆ 8 ಫೂಟು ಉದ್ದ, 4 ಫೂಟು ಅಗಲ. ಅಂದರೆ 32 ಚದರ ಫೂಟು. ಬೇಕಾಗುವ ತುಂಡುಗಳು ಇವು:

ಎರಡು ಬದಿ ಮತ್ತು ಒಂದು ನಡುಗೋಡೆ, ಪ್ರತಿಯೊಂದು 7 × 2 ಫೂಟು: 42 ಚದರ ಫೂಟು.
ಮೇಲಿನದು ಮತ್ತು ಕೆಳಗಿನದು, ಪ್ರತಿಯೊಂದು 6 × 2 ಫೂಟು: 24 ಚದರ ಫೂಟು.
ಆರು ಅಡ್ಡಹಲಗೆ, ಪ್ರತಿಯೊಂದು 3 × 2 ಫೂಟು: 36 ಚದರ ಫೂಟು.
ನಾಲ್ಕು ಬಾಗಿಲು, ಪ್ರತಿಯೊಂದು 7 × 1½ ಫೂಟು: 42 ಚದರ ಫೂಟು.

ಒಟ್ಟು 144 ಚದರ ಫೂಟು. 32ರಿಂದ ಭಾಗಿಸಿದರೆ ನಾಲ್ಕೂವರೆ ಶೀಟು. ಮನೆಯ ಯಜಮಾನರು ಐದು ಶೀಟು ತಂದುಕೊಡುತ್ತಾರೆ. ಬಡಿಗರು ಆರು ಬೇಕೆನ್ನುತ್ತಾರೆ. ಅಲ್ಲಿಂದ ಜಗಳ ಆರಂಭ.

ಬಡಿಗರ ಮಾತೇ ಸರಿ. 7 ಫೂಟಿನ ತುಂಡನ್ನು 8 ಫೂಟಿನ ಶೀಟಿನಿಂದ ಕೊಯ್ದರೆ ಒಂದು ಫೂಟು ಉಳಿಯುತ್ತದೆ; ಆ ತುಂಡು ಮತ್ತೇತಕ್ಕೂ ಬಾರದು. ಒಂದೂವರೆ ಫೂಟಿನ ಬಾಗಿಲು ಒಂದು ಶೀಟಿನಲ್ಲಿ ಎರಡೇ ಬರುತ್ತವೆ; ಬಾಗಿಲುಗಳಿಗೇ ಎರಡು ಶೀಟು ಹೋದವು. ಬದಿ ಮತ್ತು ನಡುಗೋಡೆಗೆ ಒಂದೂವರೆ ಶೀಟು. ಉಳಿದ ಅರ್ಧದಲ್ಲಿ ಎರಡು ಅಡ್ಡಹಲಗೆ. ಮೇಲಿನ ಕೆಳಗಿನ ತುಂಡುಗಳಿಗೆ ಒಂದು ಶೀಟು. ಉಳಿದದ್ದರಲ್ಲಿ ಒಂದು ಅಡ್ಡಹಲಗೆ. ಇನ್ನೂ ಮೂರು ಅಡ್ಡಹಲಗೆಗೆ ಆರನೆಯ ಶೀಟು ತೆಗೆಯಲೇಬೇಕು. ಹಿಂಬದಿಯ ತೆಳು ಹಲಗೆಯ ಲೆಕ್ಕ ಬೇರೆ.

ವಿನ್ಯಾಸ ಬಲ್ಲ ಹುಡುಗಿ ಅಥವಾ ಹುಡುಗ ಕೊಯ್ಯುವ ಮೊದಲೇ ಇದನ್ನು ಕಾಗದದ ಮೇಲೆ ಬರೆದು ತೋರಿಸುತ್ತಾರೆ. ಆಗ ಯಜಮಾನರಿಗೆ ಬಡಿಗರ ಮೇಲೆ ಅನುಮಾನ ಬರುವದಿಲ್ಲ. ಈ ನಂಬಿಕೆಗಾಗಿಯೇ ಜನರು ವಿನ್ಯಾಸಗಾರನಿಗೆ ಹಣ ಕೊಡುತ್ತಾರೆ. ಪ್ಲೈವುಡ್ ಕೊಳ್ಳುವಾಗ ಅದರ ಮೇಲಿನ ಐ.ಎಸ್.ಐ. ಗುರುತನ್ನೂ ನೋಡಬೇಕು. ಐ.ಎಸ್. 303 ಎಂಬುದು ಸಾಮಾನ್ಯ ಉಪಯೋಗದ ಪ್ಲೈವುಡ್ಡಿಗೆ, ಐ.ಎಸ್. 710 ಎಂಬುದು ನೀರನ್ನು ಹೆಚ್ಚು ತಡೆಯುವ ಮರೀನ್ ಪ್ಲೈವುಡ್ಡಿಗೆ. ಮೋರಿಯ ಕೆಳಗಿನ ಕಪಾಟಿಗೆ ಅಗ್ಗದ್ದನ್ನು ಹಾಕಿದರೆ ಹಲಗೆ ಬೇಗನೆ ಉಬ್ಬುತ್ತದೆ.

ಮೊದಲು ಎರಡು ಗುಂಟೆಯಲ್ಲಿ ಪರೀಕ್ಷೆ

ಹೊಸ ತಳಿಯ ಬೀಜ ಬಂದರೆ ತಾವು ಇಡೀ ಹೊಲಕ್ಕೆ ಬಿತ್ತುವದಿಲ್ಲ. ಎರಡು ಗುಂಟೆಯಲ್ಲಿ ಬಿತ್ತಿ, ನೋಡಿ, ಮುಂದಿನ ವರ್ಷ ಹೆಚ್ಚಿಸುತ್ತೀರಿ. ಮಕ್ಕಳ ವಿದ್ಯೆಗೂ ಇದೇ ಕ್ರಮ ಹಿತವಾದದ್ದು. ದೊಡ್ಡ ಹಣ ಕಟ್ಟುವ ಮೊದಲು ಮೂರು ತಿಂಗಳು ಹೀಗೆ ಮಾಡಿಸಿರಿ:

1. ಒಂದು ಟೇಪು, ಚೌಕುಳಿಯ ನೋಟ್‌ಬುಕ್ಕು, ಪೆನ್ಸಿಲು, ಅಳತೆಪಟ್ಟಿ ಕೊಡಿಸಿರಿ. ತನ್ನ ಮನೆಯ ಪ್ರತಿಯೊಂದು ಕೋಣೆಯನ್ನು ಅಳೆದು, ಒಂದು ಫೂಟಿಗೆ ಒಂದು ಚೌಕದಂತೆ ನಕ್ಷೆ ಬರೆಯಲಿ. ಬಾಗಿಲು, ಕಿಟಕಿ, ನಲ್ಲಿ, ವಿದ್ಯುತ್ ಬಟನ್ನು ಎಲ್ಲವೂ ಅದರಲ್ಲಿರಬೇಕು.

2. ನಂತರ ನೆರೆಹೊರೆಯ ಐದು ಮನೆ ಮತ್ತು ಊರಿನ ಒಂದು ಅಂಗಡಿಯನ್ನು ಅಳೆಯಲಿ. ಅಲ್ಲಿಯ ಜನರಿಗೆ ಏನು ತೊಂದರೆ ಇದೆ ಎಂದು ಕೇಳಿ ಬರೆದುಕೊಳ್ಳಲಿ.

3. ಒಬ್ಬ ಬಡಿಗರ ಬಳಿ ಒಂದು ತಿಂಗಳು, ಒಬ್ಬ ಗೌಂಡಿಯ ಬಳಿ ಒಂದು ತಿಂಗಳು ಹೋಗಿ ನಿಂತು ನೋಡಲಿ. ಹೆಣ್ಣುಮಕ್ಕಳು ಹೋಗಬಾರದೆಂದೇನೂ ಇಲ್ಲ. ತಂದೆಯೋ ಅಣ್ಣನೋ ಮೊದಲ ದಿನ ಜೊತೆಗೆ ಹೋಗಿ ಪರಿಚಯ ಮಾಡಿಕೊಟ್ಟರಾಯಿತು.

ಮೂರು ತಿಂಗಳ ನಂತರವೂ ಮಗುವಿನ ಕೈಯಿಂದ ಟೇಪು ಬಿಡದಿದ್ದರೆ, ಮುಂದೆ ಓದಿಸಬಹುದು. ಬೇಸರ ಬಂದರೆ ನಷ್ಟವಾದದ್ದು ಒಂದು ಟೇಪಿನ ಬೆಲೆ ಮಾತ್ರ.

ಕಲಿಯುವ ದಾರಿಗಳು

ಯಾವದೇ ವಿಷಯದಲ್ಲಿ ಪದವಿ ಪಡೆದವರೂ ಈ ವಿದ್ಯೆಗೆ ಬರಬಹುದು. ದಾರಿಗಳು ಹಲವು.

ಐ.ಟಿ.ಐ.ಯ ಕೇಂದ್ರ ಪಠ್ಯಕ್ರಮದಲ್ಲಿ ಒಳಾಂಗಣ ವಿನ್ಯಾಸ ಮತ್ತು ಅಲಂಕಾರ ಎಂಬ ಒಂದು ವರ್ಷದ ವಿಭಾಗವಿದೆ. ಇದಕ್ಕೆ ಹತ್ತನೆಯ ತರಗತಿ ಪಾಸಾದರೆ ಸಾಕು. ಪದವಿ ಪಡೆದವರೂ ಸೇರಬಹುದು. ಎಲ್ಲ ಐ.ಟಿ.ಐ.ಗಳಲ್ಲಿ ಈ ವಿಭಾಗ ಇರುವದಿಲ್ಲವಾದ್ದರಿಂದ ಮೊದಲು ವಿಚಾರಿಸಬೇಕು. ಅದು ಸಿಗದಿದ್ದಲ್ಲಿ ಎರಡು ವರ್ಷದ ಸಿವಿಲ್ ಡ್ರಾಫ್ಟ್ಸ್‌ಮನ್ ವಿಭಾಗವೂ ಒಳ್ಳೆಯದು. ನಕ್ಷೆಯ ಕೈ ಅಲ್ಲಿಯೇ ಕೂಡುತ್ತದೆ.

ಕಲಬುರಗಿಯಲ್ಲಿ 1958ರಲ್ಲಿ ಆರಂಭವಾದ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಆರ್ಕಿಟೆಕ್ಚರ್ ವಿಭಾಗವಿದೆ. ಅದು ಪಿ.ಯು.ಸಿ. ನಂತರ ಐದು ವರ್ಷದ ಓದು. ಗಣಿತ ಬೇಕು, ಪ್ರವೇಶ ಪರೀಕ್ಷೆಯೂ ಉಂಟು. ಇನ್ನೂ ಪಿ.ಯು.ಸಿ.ಯಲ್ಲಿರುವ ತಮ್ಮ ತಂಗಿಯರಿದ್ದರೆ ಈ ದಾರಿಯನ್ನು ಈಗಲೇ ತಿಳಿಸಿಡಿರಿ.

ಅಹಮದಾಬಾದಿನಲ್ಲಿ ಭಾರತ ಸರ್ಕಾರವು 1961ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪೀಠೋಪಕರಣ ಮತ್ತು ಒಳಾಂಗಣ ವಿನ್ಯಾಸವನ್ನು ಕಲಿಸುತ್ತಾರೆ. ಅಲ್ಲಿ ಸ್ಪರ್ಧೆ ಬಹಳ. ಆದರೆ ಪರೀಕ್ಷೆಯಲ್ಲಿ ನೋಡುವದು ಇಂಗ್ಲಿಷಿನ ಸೊಗಸನ್ನಲ್ಲ, ಕಣ್ಣಿನ ಚುರುಕನ್ನೂ ಕೈಯ ರೇಖೆಯನ್ನೂ. ಅರ್ಹತೆಯನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ಓದಿಕೊಳ್ಳಬೇಕು.

ಕಲ್ಯಾಣ ಕರ್ನಾಟಕದವರಾದ ನಾವು ಇನ್ನೊಂದನ್ನು ಮರೆಯಬಾರದು. ಸಂವಿಧಾನದ 371(ಜೆ) ವಿಧಿಯ ಪ್ರಕಾರ 2013ರಿಂದ ನಮ್ಮ ವಿಭಾಗದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಸರ್ಕಾರ ತುಂಬುವ ಸೀಟುಗಳ ಪೈಕಿ ಶೇಕಡಾ 70, ರಾಜ್ಯದ ಉಳಿದ ಕಡೆ ಶೇಕಡಾ 8 ಸ್ಥಳೀಯರಿಗೆ ಮೀಸಲು. ಇದಕ್ಕೆ ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಬೇಕು. ಪ್ರವೇಶದ ದಿನ ಬಂದಾಗ ಓಡಾಡುವದಕ್ಕಿಂತ ಮೊದಲೇ ಮಾಡಿಸಿಟ್ಟುಕೊಳ್ಳಿರಿ.

ಹಣ ಕಟ್ಟುವ ಮೊದಲು ಕೇಳತಕ್ಕ ಪ್ರಶ್ನೆಗಳು

ಖಾಸಗಿ ಸಂಸ್ಥೆಗಳು ಹಲವು ಇವೆ. ಒಳ್ಳೆಯವೂ ಇವೆ, ಬಣ್ಣದ ಪುಸ್ತಕ ಮಾತ್ರ ಚೆಂದವಿರುವವೂ ಇವೆ. ಎತ್ತು ಕೊಳ್ಳುವಾಗ ಹಲ್ಲು ನೋಡುವ ನಾವು ಇಲ್ಲಿಯೂ ನೋಡಬೇಕು.

ಪ್ರಮಾಣಪತ್ರ ಕೊಡುವವರು ಯಾರು, ವಿಶ್ವವಿದ್ಯಾಲಯವೋ, ಸರ್ಕಾರದ ಮಂಡಳಿಯೋ, ಅಥವಾ ಆ ಸಂಸ್ಥೆಯೇ ತಾನಾಗಿ ಕೊಡುವದೋ? ಹಿಂದಿನ ವರ್ಷದ ವಿದ್ಯಾರ್ಥಿಗಳು ಬರೆದ ನಕ್ಷೆಗಳನ್ನು ತೋರಿಸುತ್ತಾರೆಯೇ? ವಾರಕ್ಕೆ ಎಷ್ಟು ತಾಸು ಕಟ್ಟಡದ ಜಾಗಕ್ಕೆ ಕರೆದೊಯ್ಯುತ್ತಾರೆ? ಮಧ್ಯದಲ್ಲಿ ಬಿಟ್ಟರೆ ಹಣ ಎಷ್ಟು ಹಿಂದಿರುಗುತ್ತದೆ, ಅದನ್ನು ಬರೆದು ಕೊಡುತ್ತಾರೆಯೇ? "ಇವತ್ತೇ ಕಟ್ಟಿದರೆ ಅರ್ಧ ಫೀ" ಎಂದು ಅವಸರ ಮಾಡಿದರೆ ಅಂದು ಕಟ್ಟಬೇಡಿರಿ. ಊರಿಗೆ ಬಂದು ಒಂದು ರಾತ್ರಿ ವಿಚಾರ ಮಾಡಿರಿ.

ಮಾನ್ಯತೆ ಪಡೆದ ಸಂಸ್ಥೆಯಾದರೆ ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಬಹುದು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಅಡವು ಕೇಳುವದಿಲ್ಲ. ಬ್ಯಾಂಕು ಆ ಸಂಸ್ಥೆಗೆ ಸಾಲ ಕೊಡಲು ಒಪ್ಪದಿದ್ದರೆ ಕಾರಣವೇನೆಂದು ಕೇಳಿರಿ. ಅದೂ ಒಂದು ಪರೀಕ್ಷೆಯೇ.

ಕೆಲಸ ಆರಂಭಿಸಿದ ಮೇಲೆ

ಮೊದಲನೆಯದಾಗಿ, ಎಲ್ಲವೂ ಬರವಣಿಗೆಯಲ್ಲಿರಲಿ. ಯಾವ ಕೆಲಸ, ಯಾವ ಸಾಮಾನು, ಎಷ್ಟು ದಿನ, ಎಷ್ಟು ಹಣ, ಯಾವ ಹಂತಕ್ಕೆ ಎಷ್ಟು ಎಂಬುದನ್ನು ಬರೆದು ಎರಡೂ ಕಡೆಯವರು ರುಜು ಮಾಡಬೇಕು. ಸಂಭಾವನೆಯನ್ನು ಚದರ ಫೂಟಿನ ಲೆಕ್ಕದಲ್ಲಿ, ಒಟ್ಟು ಖರ್ಚಿನ ಶೇಕಡಾವಾರಿನಲ್ಲಿ, ಅಥವಾ ಗುತ್ತಿಗೆಯಾಗಿ ಪಡೆಯುವ ರೂಢಿ ಇದೆ. ಹೊಸಬರಿಗೆ ಮೊದಲೇ ಮಾತಾಡಿದ ಗುತ್ತಿಗೆಯೇ ಸುಲಭ.

ಎರಡನೆಯದಾಗಿ, ಅಂಗಡಿಯವರಿಂದ ಗುಟ್ಟಾಗಿ ಕಮಿಷನ್ ಪಡೆಯಬಾರದು. ಹಳ್ಳಿಯಲ್ಲಿ ಗುಟ್ಟು ಉಳಿಯುವದಿಲ್ಲ. ಹೆಸರು ಒಮ್ಮೆ ಹೋದರೆ ಮೂರು ತಾಲೂಕಿನಲ್ಲಿಯೂ ಹೋಯಿತು.

ಮೂರನೆಯದು ಜೀವದ ಪ್ರಶ್ನೆ. ಕಲ್ಲುಮಣ್ಣಿನ ಹಳೆಯ ಮನೆಗಳಲ್ಲಿ ಮಾಳಿಗೆಯ ಭಾರವನ್ನು ಗೋಡೆ ಹೊತ್ತಿರುತ್ತದೆ. ಕೋಣೆ ದೊಡ್ಡದಾಗಲೆಂದು ಗೋಡೆ ಒಡೆಯಬೇಕೆಂದರೆ, ಕಿಟಕಿ ಅಗಲ ಮಾಡಬೇಕೆಂದರೆ ಇಂಜಿನಿಯರರನ್ನು ಕೇಳದೆ ಕೈ ಹಾಕಲೇಬಾರದು. ಒಳಾಂಗಣ ವಿನ್ಯಾಸ ಕಲಿತವರು ತಮ್ಮನ್ನು ಆರ್ಕಿಟೆಕ್ಟ್ ಎಂದೂ ಕರೆದುಕೊಳ್ಳಬಾರದು. 1972ರ ಕಾಯಿದೆಯಂತೆ ಆ ಹೆಸರು ನೋಂದಣಿಯಾದವರಿಗೆ ಮಾತ್ರ.

ಉಪಕರಣ ಕೊಳ್ಳಲು, ಚಿಕ್ಕ ಕಚೇರಿ ತೆರೆಯಲು ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲ ದೊರೆಯುತ್ತದೆ. ಬಡಿಗ ಮತ್ತು ಗೌಂಡಿ ಮನೆತನದ ಮಕ್ಕಳಲ್ಲಿ ಯಾರಾದರೂ ಕೈಕಸುಬನ್ನೇ ಮಾಡುತ್ತಿದ್ದರೆ 2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯನ್ನೂ ವಿಚಾರಿಸಿರಿ. ಅದರಲ್ಲಿ ತರಬೇತಿಯೂ, ಉಪಕರಣಕ್ಕೆ 15,000 ರೂಪಾಯಿವರೆಗೆ ಸಹಾಯವೂ ಇದೆ. ನನ್ನ ಅಭಿಪ್ರಾಯದಲ್ಲಿ ಕಾಲೇಜು ಓದಿದ ಬಡಿಗರ ಮಗನಿಗೆ ಈ ಉದ್ಯೋಗದಲ್ಲಿ ಎಲ್ಲರಿಗಿಂತ ಮುಂಚೆ ಜಾಗವಿದೆ. ಅರ್ಧ ವಿದ್ಯೆ ಅವನ ಮನೆಯಲ್ಲಿಯೇ ಇದೆ.

ಆ ರೈತರ ಮಗಳ ಮಾತು

ಒಂದು ತಿಂಗಳ ನಂತರ ಆ ಹಳ್ಳಿಗೆ ಮತ್ತೆ ಹೋಗಿ ಇದನ್ನೆಲ್ಲ ಹೇಳಿದೆ. ತಂದೆ ಟೇಪು ಕೊಡಿಸಿದರು. ಮಗಳು ಮೊದಲು ಅಳೆದದ್ದು ತಾಯಿಯನ್ನು. ಮನೆಯಲ್ಲಿ ಅಡುಗೆಕಟ್ಟೆ ಕಟ್ಟಿಸುವ ವಿಚಾರ ನಡೆದಿತ್ತು. ಗೌಂಡಿಯವರು "ಎಲ್ಲಾರ ಮನ್ಯಾಗ 34 ಇಂಚು ಮಾಡತೀವಿ" ಎಂದರಂತೆ. ತಾಯಿ ಎತ್ತರದಲ್ಲಿ ಚಿಕ್ಕವರು. ಮಗಳು ತಾಯಿಯ ಮೊಣಕೈ ಮಡಿಸಿ ನಿಲ್ಲಿಸಿ ನೆಲದಿಂದ ಅಳೆದಳು, 36 ಇಂಚು ಬಂದಿತು. ಕಟ್ಟೆ ಮೊಣಕೈಗಿಂತ ನಾಲ್ಕರಿಂದ ಆರು ಇಂಚು ಕೆಳಗಿದ್ದರೆ ಭುಜಕ್ಕೆ ಶ್ರಮವಾಗುವದಿಲ್ಲ. ಅವಳು 31 ಎಂದು ಬರೆದುಕೊಟ್ಟಳು. ಗೌಂಡಿ ಮೊದಲು ನಕ್ಕರು, ನಂತರ ಹಾಗೆಯೇ ಕಟ್ಟಿದರು. ಈಗ ಅದೇ ಓಣಿಯ ಇನ್ನೆರಡು ಮನೆಯವರು ಕಟ್ಟೆ ಕಟ್ಟಿಸುವ ಮೊದಲು ಅವಳನ್ನು ಕರೆದು ಅಳತೆ ತೆಗೆಸಿದ್ದಾರೆ. ಹಣ ಕೊಟ್ಟಿಲ್ಲ, ಒಬ್ಬರು ಒಂದು ಸೇರು ತುಪ್ಪ ಕೊಟ್ಟರು.

ಅವಳು ಐ.ಟಿ.ಐ. ವಿಚಾರಿಸುತ್ತಿದ್ದಾಳೆ. ತಂದೆ ಇನ್ನೂ ಪೂರ್ತಿ ಒಪ್ಪಿಲ್ಲ, "ನೋಡೋಣ್ರಿ" ಎನ್ನುತ್ತಾರೆ. ಕೆನಾಲ್ ದಂಡೆಯ ಎಕರೆ ಅವರ ಹೆಸರಿನಲ್ಲಿಯೇ ಇದೆ; ಈ ಸಲ ಅಲ್ಲಿ ತೊಗರಿ ಬಿತ್ತಿದ್ದಾರೆ.

ಬಾಂಧವರೇ, ತಮ್ಮ ಮನೆಯಲ್ಲಿಯೂ ಕಾಲೇಜು ಮುಗಿಸಿ ಈ ವಿದ್ಯೆಯ ಆಸೆ ಇಟ್ಟುಕೊಂಡ ಮಕ್ಕಳಿದ್ದರೆ ಅವರನ್ನು ಗದರಿಸಬೇಡಿರಿ, ಅವಸರದಿಂದ ಹೊಲವನ್ನೂ ಮಾರಬೇಡಿರಿ. ಕೈಗೆ ಟೇಪು ಕೊಡಿರಿ. ಮನೆಯ ನಕ್ಷೆ ಬರೆದ ಮಕ್ಕಳು ನಾನು ಊರಿಗೆ ಬಂದ ದಿನ ಅದನ್ನು ತೆಗೆದುಕೊಂಡು ಬರಲಿ. ಬೀಜದ ಮಾತು ಮುಗಿದ ಮೇಲೆ ಒಟ್ಟಿಗೆ ಕುಳಿತು ನೋಡೋಣ.